ಮನೆ ಕಟ್ಟಿಸಿದ ಅಣ್ಣಂದಿರು

ಅಮೆರಿಕದಲ್ಲಿ ಓದು ಮುಗಿಸಿ ಹೋದವರು ತಮ್ಮ ಕಾಲೇಜಿನ ಫ್ರಾಟರ್ನಿಟಿಗೆ, ಅಂದರೆ ತಾವು ಸದಸ್ಯರಾಗಿದ್ದ ಹುಡುಗರ ಕೂಟಕ್ಕೆ, ಮನೆ ಕಟ್ಟಿಸುತ್ತಾರೆ, ಸಾಲ ತೀರಿಸುತ್ತಾರೆ, ವಿದ್ಯಾರ್ಥಿವೇತನ ಇಡುತ್ತಾರೆ, ಕಿರಿಯರಿಗೆ ಕೆಲಸ ಹುಡುಕಿಕೊಡುತ್ತಾರೆ. ಸುಮಾರು ಇನ್ನೂರು ವರ್ಷಗಳಿಂದ ನಡೆದುಬಂದ ಔದಾರ್ಯ ಇದು. ಇದರ ಜೊತೆಜೊತೆಗೇ ಕೈಯಿಂದ ಕೈಗೆ ಇನ್ನೊಂದು ಆಸ್ತಿಯೂ ಸಾಗಿಬಂದಿದೆ. ಅದರ ಲೆಕ್ಕವನ್ನು ಈಗ ತಂದೆತಾಯಿ, ನ್ಯಾಯಾಲಯ, ಸಂಸತ್ತು ಕೇಳುತ್ತಿವೆ.

ಅಕ್ಟೋಬರ್ ತಿಂಗಳ ಶನಿವಾರಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ಊರುಗಳಲ್ಲಿ ಹೋಟೆಲ್ ಕೋಣೆ ಸಿಗುವುದು ಕಷ್ಟ. ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳುವ ಹೋಮ್‌ಕಮಿಂಗ್ ಹಬ್ಬದ ಕಾಲ ಅದು. ಮಧ್ಯಾಹ್ನ ಫುಟ್‌ಬಾಲ್ ಪಂದ್ಯ. ಅದಕ್ಕೂ ಮೊದಲು ಕ್ರೀಡಾಂಗಣದ ಹೊರಗೆ ಕಾರಿನ ಡಿಕ್ಕಿ ತೆರೆದಿಟ್ಟುಕೊಂಡು ಊಟ, ಪಾನ, ಹರಟೆ. ಅದಕ್ಕೂ ಮೊದಲು, ಬೆಳಿಗ್ಗೆಯೇ, ಫ್ರಾಟರ್ನಿಟಿ ಮನೆಗಳಲ್ಲಿ ಓಡಾಟ ಶುರುವಾಗಿರುತ್ತದೆ.

ಬಾಗಿಲ ಮೇಲೆ ಎರಡೋ ಮೂರೋ ದೊಡ್ಡ ಗ್ರೀಕ್ ಅಕ್ಷರ. ಒಳಗೆ ಹೋದರೆ ಹಜಾರದ ಗೋಡೆಯುದ್ದಕ್ಕೂ ಕಟ್ಟು ಹಾಕಿಸಿದ ಪಟಗಳು. ವರ್ಷಕ್ಕೊಂದು ಪಟ. ಒಂದೊಂದರಲ್ಲೂ ಆ ವರ್ಷದ ಅಷ್ಟೂ ಹುಡುಗರ ಪುಟ್ಟ ಪುಟ್ಟ ಫೋಟೊ, ಕೋಟು, ಟೈ, ಕೆಳಗೆ ಹೆಸರು. ಇದನ್ನು ಅವರು ಕಾಂಪೊಸಿಟ್ ಎನ್ನುತ್ತಾರೆ. ಎಪ್ಪತ್ತು ದಾಟಿದವರು ಕನ್ನಡಕ ಸರಿಪಡಿಸಿಕೊಂಡು ತಮ್ಮ ವರ್ಷದ ಪಟದಲ್ಲಿ ತಮ್ಮ ಮುಖ ಹುಡುಕುತ್ತಾರೆ. ಸಿಕ್ಕಿದ ಕೂಡಲೇ ಪಕ್ಕದಲ್ಲಿ ನಿಂತ ಹತ್ತೊಂಬತ್ತರ ಹುಡುಗನಿಗೆ ತೋರಿಸುತ್ತಾರೆ. ಫ್ರಾಟರ್ನಿಟಿಯ ಕಟ್ಟಳೆಯ ಪ್ರಕಾರ ಇವರಿಬ್ಬರೂ ಅಣ್ಣತಮ್ಮಂದಿರು. ಒಂದೇ ಪ್ರತಿಜ್ಞೆ ಮಾಡಿದವರು, ಒಂದೇ ಗುಟ್ಟಿನ ಕೈಕುಲುಕು ಬಲ್ಲವರು. ಪಟ ನೋಡಿ ಮುಗಿಯುವಷ್ಟರಲ್ಲಿ ಈ ತಮ್ಮ ಆ ಅಣ್ಣನನ್ನು ಮನೆಯೊಳಗೆಲ್ಲ ಸುತ್ತಿಸುತ್ತಾನೆ: ಇಲ್ಲಿ ಸೂರು ಸೋರುತ್ತಿದೆ, ಇದು ಕೆಟ್ಟುನಿಂತ ಬಾಯ್ಲರ್, ಇಲ್ಲೊಂದು ಓದುವ ಕೋಣೆ ಆಗಬೇಕಿತ್ತು. ಅಣ್ಣನಿಗೆ ಸೂಚನೆ ಅರ್ಥವಾಗುತ್ತದೆ. ಐವತ್ತು ವರ್ಷಗಳ ಹಿಂದೆ ಇದೇ ಹಜಾರದಲ್ಲಿ ತಾನೂ ಯಾರಿಗೋ ಹೀಗೆಯೇ ಮನೆ ತೋರಿಸಿದ್ದು ನೆನಪಿರುತ್ತದೆ.

ಕಾಡಿನ ಗುಡಿಸಲಿನಿಂದ ಬೀದಿಯ ಬಂಗಲೆಗೆ

ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಮೊದಲ ವಿದ್ಯಾರ್ಥಿ ಕೂಟ ಫೈ ಬೀಟಾ ಕಪ್ಪಾ. ಅದು ಹುಟ್ಟಿದ್ದು ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ವರ್ಷವೇ, 1776ರ ಡಿಸೆಂಬರ್ 5ರಂದು, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ. ಮುಂದೆ ಅದು ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆಯಾಗಿ ಬದಲಾಯಿತು. ಈಗ ನಾವು ನೋಡುವ ಬಗೆಯ ಫ್ರಾಟರ್ನಿಟಿ ರೂಪುಗೊಂಡದ್ದು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ. ಅಲ್ಲಿ 1825ರಲ್ಲಿ ಕಪ್ಪಾ ಆಲ್ಫಾ ಸೊಸೈಟಿ ಶುರುವಾಯಿತು, 1827ರಲ್ಲಿ ಸಿಗ್ಮಾ ಫೈ ಮತ್ತು ಡೆಲ್ಟಾ ಫೈ ಬಂದವು. ಒಹಾಯೊದ ಮಯಾಮಿ ವಿಶ್ವವಿದ್ಯಾಲಯ ಇನ್ನೊಂದು ತವರು. 1839ರಲ್ಲಿ ಬೀಟಾ ಥೀಟಾ ಪೈ, 1848ರಲ್ಲಿ ಫೈ ಡೆಲ್ಟಾ ಥೀಟಾ, 1855ರಲ್ಲಿ ಸಿಗ್ಮಾ ಕೈ ಅಲ್ಲಿ ಹುಟ್ಟಿದವು.

ಆಗಿನ ಕಾಲೇಜುಗಳನ್ನು ಹೆಚ್ಚಾಗಿ ಪಾದ್ರಿಗಳೇ ನಡೆಸುತ್ತಿದ್ದರು. ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಪಾಠ, ತಪ್ಪಿದರೆ ದಂಡ. ಅಧ್ಯಾಪಕರ ಕಣ್ಣು ತಪ್ಪಿಸಿ ಮಾತಾಡಲು, ಚರ್ಚಿಸಲು, ಹಾಡಲು, ಕುಡಿಯಲು ಹುಡುಗರಿಗೊಂದು ಜಾಗ ಬೇಕಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಕೈ ಸೈ ಕೂಟದವರು 1840ರ ದಶಕದಲ್ಲಿ ಆನ್ ಆರ್ಬರ್ ಊರಾಚೆಯ ಕಾಡಿನಲ್ಲಿ ಮರದ ದಿಮ್ಮಿಗಳ ಗುಡಿಸಲೊಂದನ್ನು ಕಟ್ಟಿಕೊಂಡರು. ಫ್ರಾಟರ್ನಿಟಿಯ ಮೊದಲ ಮನೆ ಎಂದು ಹೆಸರಾದದ್ದು ಅದೇ.

ಅಂತರ್ಯುದ್ಧದ ನಂತರ ವಿಶ್ವವಿದ್ಯಾಲಯಗಳು ಬೆಳೆದವು, ಹಾಸ್ಟೆಲುಗಳು ಆ ವೇಗಕ್ಕೆ ಬೆಳೆಯಲಿಲ್ಲ. ಹುಡುಗರು ಎಲ್ಲಿರಬೇಕು, ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆಗೆ ಆಡಳಿತದ ಬಳಿ ಉತ್ತರವಿರಲಿಲ್ಲ. ಫ್ರಾಟರ್ನಿಟಿಗಳ ಬಳಿ ಇತ್ತು: ದುಡಿಮೆಗೆ ಹತ್ತಿದ್ದ ಹಳೆಯ ಸದಸ್ಯರು. ಅವರು ಚಂದಾ ಎತ್ತಿದರು, ನಿವೇಶನ ಕೊಂಡರು, ಮನೆ ಎಬ್ಬಿಸಿದರು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕ್ಯಾಂಪಸ್ಸಿನ ಪಕ್ಕದ ಬೀದಿಗಳಲ್ಲಿ ಕಂಬಸಾಲಿನ, ಕಲ್ಲುಗೋಡೆಯ ಬಂಗಲೆಗಳು ಸಾಲಾಗಿ ಎದ್ದವು. ವಿಶ್ವವಿದ್ಯಾಲಯಕ್ಕೂ ಇದು ಅನುಕೂಲವೇ ಆಯಿತು. ಖರ್ಚಿಲ್ಲದೆ ನೂರಾರು ಹುಡುಗರಿಗೆ ವಸತಿ ಸಿಕ್ಕಿತು. ಮನೆ ಮಾತ್ರ ವಿಶ್ವವಿದ್ಯಾಲಯದ್ದಾಗಲಿಲ್ಲ, ಅಲ್ಲಿ ವಾಸಿಸುವ ಹುಡುಗರದ್ದೂ ಆಗಲಿಲ್ಲ. ಅದರ ಯಜಮಾನರು ಓದು ಮುಗಿಸಿ ಹೋದವರು. ಮುಂದಿನ ಒಳಿತು ಕೆಡುಕೆಲ್ಲ ಈ ಒಡೆತನದಿಂದಲೇ ಬಂತು.

ಬಾಡಿಗೆ, ಬಾಯ್ಲರ್, ತೆರಿಗೆ

ಒಂದು ಕಾಲೇಜಿನಲ್ಲಿರುವ ಫ್ರಾಟರ್ನಿಟಿಯ ಶಾಖೆಗೆ ಚಾಪ್ಟರ್ ಎಂದು ಹೆಸರು. ಚಾಪ್ಟರನ್ನು ನಡೆಸುವವರು ವಿದ್ಯಾರ್ಥಿಗಳೇ. ಅಧ್ಯಕ್ಷ, ಖಜಾಂಚಿ, ಕಾರ್ಯದರ್ಶಿ ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಮನೆಯನ್ನು ನೋಡಿಕೊಳ್ಳುವುದು ಹೌಸ್ ಕಾರ್ಪೊರೇಷನ್ ಎಂಬ ಬೇರೆಯೇ ಸಂಸ್ಥೆ. ಅದರ ಮಂಡಳಿಯಲ್ಲಿ ಕೂರುವವರು ಹಳೆಯ ಸದಸ್ಯರು: ಒಬ್ಬ ವಕೀಲ, ಒಬ್ಬ ಲೆಕ್ಕಪರಿಶೋಧಕ, ಕಟ್ಟಡದ ಕೆಲಸ ಬಲ್ಲವರೊಬ್ಬರು, ಊರಲ್ಲೇ ನೆಲೆಸಿರುವ ನಿವೃತ್ತರೊಬ್ಬರು. ಸಂಬಳವಿಲ್ಲ. ಹುಡುಗರಿಂದ ಬಾಡಿಗೆ ವಸೂಲು ಮಾಡುವುದು, ಬ್ಯಾಂಕಿನ ಕಂತು ಕಟ್ಟುವುದು, ವಿಮೆ ನವೀಕರಿಸುವುದು, ಅಡುಗೆಯವರನ್ನು ನೇಮಿಸುವುದು, ಬೇಸಿಗೆ ರಜೆಯಲ್ಲಿ ಸುಣ್ಣಬಣ್ಣ ಮಾಡಿಸುವುದು ಇವರ ಪಾಲಿನ ಕೆಲಸ. ಅನೇಕ ಮನೆಗಳಲ್ಲಿ ಉಸ್ತುವಾರಿಗೆ ಹಿರಿಯ ಮಹಿಳೆಯೊಬ್ಬರು ಅಲ್ಲೇ ವಾಸವಿರುತ್ತಾರೆ. ಹುಡುಗರ ಬಾಯಲ್ಲಿ ಅವರು ಹೌಸ್ ಮಾಮ್.

ಹೊರಗಿನಿಂದ ಅರಮನೆಯಂತೆ ಕಂಡರೂ ಒಳಗಿನ ಬದುಕು ಸರಳ. ಇಂಡಿಯಾನಾ, ಇಲಿನಾಯ್ ಕಡೆಯ ಹಳೆಯ ಮನೆಗಳಲ್ಲಿ ಮೇಲಿನ ಅಂತಸ್ತಿನ ಒಂದೇ ದೊಡ್ಡ ಕೋಣೆಯಲ್ಲಿ ಸಾಲು ಮಂಚ ಹಾಕಿಕೊಂಡು ಎಲ್ಲರೂ ಮಲಗುವ ರೂಢಿ ಇದೆ. ಹಿಮ ಬೀಳುವ ಕಾಲದಲ್ಲೂ ಕಿಟಕಿ ತೆರೆದೇ ಇಡುತ್ತಾರೆ. ಓದಲು, ಬಟ್ಟೆಬರೆ ಇಡಲು ಬೆಚ್ಚಗಿನ ಸಣ್ಣ ಕೋಣೆಗಳು ಬೇರೆ. ಮೂರು ಕಂಬಳಿ ಹೊದ್ದು ನಡುಗಿದ ಆ ರಾತ್ರಿಗಳನ್ನು ಹಳಬರು ಹೆಮ್ಮೆಯಿಂದ ನೆನೆಯುತ್ತಾರೆ. ಕೋಣೆಗೆ ಹೀಟರ್ ಹಾಕಿಸೋಣವೆಂದರೆ ಕೆಲವೊಮ್ಮೆ ಮೊದಲು ಬೇಡವೆನ್ನುವವರೂ ಅವರೇ.

ದಾನದ ಹಣಕ್ಕೆ ತೆರಿಗೆಯ ಕಾನೂನಿನಲ್ಲಿ ಎರಡು ದಾರಿ ಇದೆ. ಅಮೆರಿಕದ ತೆರಿಗೆ ಸಂಹಿತೆ ಫ್ರಾಟರ್ನಿಟಿಯನ್ನು 501(ಸಿ)(7) ಕಲಮಿನಡಿ ಸಾಮಾಜಿಕ ಕ್ಲಬ್ಬು ಎಂದು ಪರಿಗಣಿಸುತ್ತದೆ. ಅದಕ್ಕೆ ಕೊಟ್ಟ ಹಣಕ್ಕೆ ದಾನಿಗೆ ತೆರಿಗೆ ವಿನಾಯಿತಿ ಇಲ್ಲ. ಆದ್ದರಿಂದ ಹೆಚ್ಚಿನ ಫ್ರಾಟರ್ನಿಟಿಗಳು 501(ಸಿ)(3) ಕಲಮಿನಡಿ ಪ್ರತ್ಯೇಕ ಪ್ರತಿಷ್ಠಾನ ಮಾಡಿಕೊಂಡಿವೆ. ಅದಕ್ಕೆ ಕೊಟ್ಟರೆ ವಿನಾಯಿತಿ ಸಿಗುತ್ತದೆ, ಆದರೆ ಆ ಹಣ ಶಿಕ್ಷಣಕ್ಕೇ ವೆಚ್ಚವಾಗಬೇಕು. ವಿದ್ಯಾರ್ಥಿವೇತನ, ನಾಯಕತ್ವ ಶಿಬಿರ, ಮನೆಯೊಳಗಿನ ಗ್ರಂಥಾಲಯ, ಓದುವ ಕೋಣೆ ಆಗಬಹುದು. ಮಲಗುವ ಕೋಣೆ, ಊಟದ ಮನೆ, ಹರಟೆಯ ಹಜಾರ ಆಗದು. ಹೊಸ ಮನೆ ಕಟ್ಟುವಾಗ ವಾಸ್ತುಶಿಲ್ಪಿ ನಕ್ಷೆಯಲ್ಲಿ ಓದಿನ ಜಾಗ ಶೇಕಡ ಎಷ್ಟೆಂದು ಅಳೆದು ಕೊಡಬೇಕಾಗುತ್ತದೆ. ಈ ಕಟ್ಟುಪಾಡು ಸಡಿಲಿಸಬೇಕೆನ್ನುವ ಮಸೂದೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಮಂಡನೆಯಾಗಿದೆ.

ಹಾಗೆ ಕೇಳುವವರ ಬಳಿ ಒಂದು ಗಟ್ಟಿ ಕಾರಣವಿತ್ತು. 1996ರ ಮೇ 12, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್‌ನಲ್ಲಿ ಪದವಿ ಪ್ರದಾನದ ದಿನ. ಅಂದು ಬೆಳಗಿನ ಜಾವ ಫೈ ಗ್ಯಾಮಾ ಡೆಲ್ಟಾ ಮನೆಗೆ ಬೆಂಕಿ ಬಿದ್ದು ಐವರು ವಿದ್ಯಾರ್ಥಿಗಳು ಸತ್ತರು. ಮನೆಯಲ್ಲಿ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ವ್ಯವಸ್ಥೆ ಇರಲಿಲ್ಲ. ಊರಿನ ಎಲ್ಲ ಫ್ರಾಟರ್ನಿಟಿ ಮನೆಗಳೂ, ವಿದ್ಯಾರ್ಥಿನಿಯರ ಕೂಟಗಳಾದ ಸೊರಾರಿಟಿಗಳ ಮನೆಗಳೂ ಐದು ವರ್ಷದೊಳಗೆ ಸ್ಪ್ರಿಂಕ್ಲರ್ ಹಾಕಿಸಬೇಕೆಂದು ಪಟ್ಟಣದ ಆಡಳಿತ ನಿಯಮ ಮಾಡಿತು. ಹಳೆಯ ಕಟ್ಟಡದ ಚಾವಣಿ ಒಡೆದು ಕೊಳವೆ ಎಳೆಯುವುದು ದುಬಾರಿ ಕೆಲಸ, ಅದರ ಮೇಲೆ ದಾನಿಯ ಹೆಸರು ಕೆತ್ತಿಸಲೂ ಆಗದು. ಆದರೂ ಆ ಕೆಲಸ ಆಗಲೇಬೇಕಿತ್ತು, ಹೊಣೆ ಮನೆಯ ಯಜಮಾನರದ್ದೇ ಆಗಿತ್ತು. ಫಲಕ ಹಾಕಿಸಿಕೊಳ್ಳಲಾಗದ ಕೊಡುಗೆಯೇ ದೊಡ್ಡದು ಎಂಬ ಮಾತು ಇಲ್ಲಿ ಅಲಂಕಾರಕ್ಕೆ ಹೇಳಿದ್ದಲ್ಲ.

ಮನೆಯಿಲ್ಲದವರ ಕೊಡುಗೆ

ಬಂಗಲೆಗಳ ಬೀದಿಯಲ್ಲಿ ಎಲ್ಲರಿಗೂ ಪ್ರವೇಶವಿರಲಿಲ್ಲ. ಹಲವು ಫ್ರಾಟರ್ನಿಟಿಗಳ ನಿಯಮಾವಳಿಯಲ್ಲೇ ಬಿಳಿಯ ಕ್ರೈಸ್ತರಿಗೆ ಮಾತ್ರ ಎಂಬ ಷರತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ವಸತಿಯಿಲ್ಲ, ಜೊತೆಯಿಲ್ಲ, ಓದು ಅರ್ಧಕ್ಕೇ ಬಿಟ್ಟು ಹೋಗುವವರೇ ಹೆಚ್ಚು. ಉಳಿದವರು ಒಟ್ಟಿಗೆ ಕೂತು ಓದಲು ಒಂದು ಗುಂಪು ಕಟ್ಟಿಕೊಂಡರು. 1906ರ ಡಿಸೆಂಬರ್ 4ರಂದು ಆ ಗುಂಪು ಆಲ್ಫಾ ಫೈ ಆಲ್ಫಾ ಎಂಬ ಫ್ರಾಟರ್ನಿಟಿಯಾಯಿತು. ಸ್ಥಾಪಕರು ಏಳು ಮಂದಿ. ಅವರಲ್ಲೊಬ್ಬರಾದ ವರ್ಟ್ನರ್ ಟ್ಯಾಂಡಿ ಮುಂದೆ ನ್ಯೂಯಾರ್ಕಿನ ಹೆಸರಾಂತ ವಾಸ್ತುಶಿಲ್ಪಿಯಾದರು. ಯೂಜೀನ್ ಕಿಂಕಲ್ ಜೋನ್ಸ್ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯನ್ನು ಬೆಳೆಸಿದರು. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಸೊರಾರಿಟಿ ಕಟ್ಟಿದರು. ಇಂಥ ಒಂಬತ್ತು ಕೂಟಗಳು ಇಂದು 'ಡಿವೈನ್ ನೈನ್' ಎಂದೇ ಹೆಸರುವಾಸಿ.

ಇವುಗಳ ರೀತಿಯೇ ಬೇರೆ. ಬಿಳಿಯರ ಫ್ರಾಟರ್ನಿಟಿಯಲ್ಲಿ ಪದವಿ ಸಿಕ್ಕಿದ ದಿನ ಸದಸ್ಯ 'ಹಳೆಯ ವಿದ್ಯಾರ್ಥಿ'ಯಾಗುತ್ತಾನೆ, ಆಮೇಲೆ ನೆನಪಾದಾಗ ಚೆಕ್ಕು ಬರೆಯುತ್ತಾನೆ. ಇಲ್ಲಿ ಪದವಿಯ ನಂತರವೂ ಕೆಲಸ ಬಿಡುವುದಿಲ್ಲ. ಊರೂರಿನಲ್ಲೂ ಪದವೀಧರರದ್ದೇ ಚಾಪ್ಟರುಗಳಿವೆ. ಆಲ್ಫಾ ಫೈ ಆಲ್ಫಾದ ಅಂಥ ಮೊದಲ ಚಾಪ್ಟರ್ 1911ರಲ್ಲೇ ಕೆಂಟಕಿಯ ಲೂಯಿವಿಲ್‌ನಲ್ಲಿ ಶುರುವಾಯಿತು. ವೈದ್ಯರು, ಶಿಕ್ಷಕರು, ವಕೀಲರು ತಿಂಗಳಿಗೊಮ್ಮೆ ಸಭೆ ಸೇರುತ್ತಾರೆ, ಚಂದಾ ಕಟ್ಟುತ್ತಾರೆ, ಹತ್ತಿರದ ಕಾಲೇಜಿನ ಚಾಪ್ಟರಿನ ಬೆನ್ನಿಗೆ ನಿಲ್ಲುತ್ತಾರೆ. ಪ್ರೌಢಶಾಲೆಗೆ ಹೋಗಿ, ಕಾಲೇಜಿಗೆ ಹೋಗಿ ಎಂದು ಕಪ್ಪು ಮಕ್ಕಳನ್ನು ಹುರಿದುಂಬಿಸುವ ಆಂದೋಲನವನ್ನು ಆಲ್ಫಾದವರು 1922ರಿಂದ ನಡೆಸಿಕೊಂಡು ಬಂದಿದ್ದಾರೆ.

ಈ ಬಗೆಯ ಕೊಡುಗೆ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ 1935ರ ಬೇಸಿಗೆಯನ್ನು ನೋಡಬೇಕು. ಆಲ್ಫಾ ಕಪ್ಪಾ ಆಲ್ಫಾದ ಹಿರಿಯ ಸದಸ್ಯೆಯರು ಡಾ. ಡೊರೊತಿ ಫೆರೆಬಿ ಅವರ ಮುಂದಾಳುತನದಲ್ಲಿ ಮಿಸಿಸಿಪ್ಪಿ ರಾಜ್ಯದ ಹತ್ತಿಹೊಲಗಳ ನಾಡಿಗೆ ಹೊರಟರು. ಗೇಣಿಗೆ ದುಡಿಯುತ್ತಿದ್ದ ಕಪ್ಪು ಕುಟುಂಬಗಳ ಮಕ್ಕಳಿಗೆ ಸಿಡುಬು, ಡಿಫ್ತೀರಿಯಾ ಲಸಿಕೆ ಹಾಕುವುದು ಉದ್ದೇಶ. ಊರಿನಲ್ಲಿ ಚಿಕಿತ್ಸಾಲಯ ತೆರೆದರೆ ಅಲ್ಲಿಗೆ ಹೋಗಲು ಜಮೀನುದಾರರು ಕೂಲಿಗಳನ್ನು ಬಿಡುತ್ತಿರಲಿಲ್ಲ. ಆಗ ಆ ಮಹಿಳೆಯರು ತಮ್ಮ ಕಾರುಗಳಲ್ಲೇ ಔಷಧ, ಉಪಕರಣ ತುಂಬಿಕೊಂಡು ಹೊಲಗಳಿಗೇ ಹೋದರು. ತೋಟದ ಅಂಚಿನಲ್ಲಿ ಕಾರು ನಿಲ್ಲಿಸಿ ಸಾಲು ನಿಂತ ಮಕ್ಕಳಿಗೆ ಸೂಜಿ ಚುಚ್ಚಿದರು. 1942ರವರೆಗೂ ಬೇಸಿಗೆಯಿಂದ ಬೇಸಿಗೆಗೆ ಈ ಕೆಲಸ ನಡೆಯಿತು. ರಜೆ ಅವರದ್ದು, ಕಾರು ಅವರದ್ದು, ಪೆಟ್ರೋಲೂ ಅವರದ್ದು.

ವಾಷಿಂಗ್ಟನ್ನಿನಲ್ಲಿರುವ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕದ ಹಿಂದೆಯೂ ಅಣ್ಣತಮ್ಮಂದಿರ ಇಂಥದ್ದೇ ಛಲವಿದೆ. ಕಿಂಗ್ ಬಾಸ್ಟನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, 1952ರಲ್ಲಿ, ಆಲ್ಫಾ ಫೈ ಆಲ್ಫಾ ಸೇರಿದ್ದರು. ಅವರಿಗೊಂದು ಸ್ಮಾರಕ ಬೇಕೆಂದು ಫ್ರಾಟರ್ನಿಟಿ 1984ರಲ್ಲಿ ಪ್ರಸ್ತಾಪಿಸಿತು. ಸಂಸತ್ತು ಒಪ್ಪಿದ್ದು 1996ರಲ್ಲಿ. ಸುಮಾರು 12 ಕೋಟಿ ಡಾಲರ್ ಕೂಡಿಸಿ ಸ್ಮಾರಕ ಲೋಕಾರ್ಪಣೆಯಾಗುವಾಗ 2011ರ ಅಕ್ಟೋಬರ್ ಬಂದಿತ್ತು. ಪ್ರಸ್ತಾಪಿಸಿದ ದಿನ ಕಾಲೇಜಿಗೆ ಸೇರಿದ್ದ ಹುಡುಗ ಅಷ್ಟರಲ್ಲಿ ನಡುವಯಸ್ಕನಾಗಿದ್ದ.

ಈ ಕೂಟಗಳ ಎಷ್ಟೋ ಚಾಪ್ಟರುಗಳಿಗೆ ಇವತ್ತಿಗೂ ಸ್ವಂತ ಮನೆ ಇಲ್ಲ. ಹೋವರ್ಡ್‌ನಂಥ ಕ್ಯಾಂಪಸ್ಸುಗಳಲ್ಲಿ ಅವರಿಗಿರುವುದು ಒಂದು ಮರ, ಅದರ ಸುತ್ತ ಕೂಟದ ಬಣ್ಣ ಬಳಿದ ಕಲ್ಲು, ಒಂದೆರಡು ಬೆಂಚು. ಇದನ್ನು 'ಪ್ಲಾಟ್' ಎನ್ನುತ್ತಾರೆ. ಹೋಮ್‌ಕಮಿಂಗ್ ದಿನ ಮೂರು ತಲೆಮಾರಿನವರು ಅಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತು ಹೆಜ್ಜೆ ಹಾಕಿ ಹಾಡುತ್ತಾರೆ.

ಅಣ್ಣಂದಿರ ಹಣ, ಅಣ್ಣಂದಿರ ಹಠ

ಕೊಡುವವನಿಗೆ ಮಾತೂ ದಕ್ಕುತ್ತದೆ. ಮನೆ ಯಾರದೋ ಮನೆಯ ನಿಯಮವೂ ಅವರದೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಂಪಸ್ಸಿಗೆ ಬಂದ ಹೊಸ ತಲೆಮಾರು ಜನಾಂಗಭೇದದ ಷರತ್ತುಗಳನ್ನು ಪ್ರಶ್ನಿಸತೊಡಗಿತು. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಚಾಪ್ಟರಿನ ಹುಡುಗರು ಕಪ್ಪು ವಿದ್ಯಾರ್ಥಿಯೊಬ್ಬನನ್ನು ಸೇರಿಸಿಕೊಂಡರು. ಫ್ರಾಟರ್ನಿಟಿಯ ರಾಷ್ಟ್ರೀಯ ಸಂಘಟನೆ ಆ ಚಾಪ್ಟರನ್ನೇ ಅಮಾನತು ಮಾಡಿತು. ಹುಡುಗರು ಜಗ್ಗಲಿಲ್ಲ. ಹೆಸರು ಬದಲಿಸಿಕೊಂಡು ಸ್ವತಂತ್ರ ಕೂಟವಾಗಿ ಮುಂದುವರಿದರು. 1965ರಲ್ಲಿ ಸ್ಟ್ಯಾನ್‌ಫರ್ಡಿನ ಸಿಗ್ಮಾ ಕೈ ಚಾಪ್ಟರಿಗೂ ಅದೇ ಗತಿಯಾಯಿತು. ಕಾರಣವೂ ಅದೇ.

ಇದು ಹಳೆಯ ಕಾಲದ ಕತೆ ಅಂದುಕೊಳ್ಳುವಂತಿಲ್ಲ. 2013ರ ಸೆಪ್ಟೆಂಬರಿನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ 'ದಿ ಕ್ರಿಮ್ಸನ್ ವೈಟ್' ಒಂದು ವರದಿ ಪ್ರಕಟಿಸಿತು. ಒಳ್ಳೆಯ ಅಂಕ, ಒಳ್ಳೆಯ ಹಿನ್ನೆಲೆ ಎಲ್ಲ ಇದ್ದ ಕಪ್ಪು ವಿದ್ಯಾರ್ಥಿನಿಯೊಬ್ಬಳನ್ನು ಸೊರಾರಿಟಿಗಳು ಸೇರಿಸಿಕೊಂಡಿರಲಿಲ್ಲ. ಅವಳು ಬೇಕೆಂದು ವಿದ್ಯಾರ್ಥಿನಿಯರೇ ಎದ್ದು ಕೇಳಿದ್ದರು, ಅಡ್ಡ ಬಂದವರು ಹಳೆಯ ಸದಸ್ಯೆಯರು ಎಂದು ಒಳಗಿನ ಹುಡುಗಿಯರು ಪತ್ರಿಕೆಗೆ ತಿಳಿಸಿದರು. ಗವರ್ನರ್ ಜಾರ್ಜ್ ವಾಲೆಸ್ 1963ರಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಬಾಗಿಲಿಗೆ ಅಡ್ಡ ನಿಂತದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಸರಿಯಾಗಿ ಐವತ್ತು ವರ್ಷವಾಗಿತ್ತು. ಸುದ್ದಿ ದೇಶವಿಡೀ ಹಬ್ಬಿತು, ವಿದ್ಯಾರ್ಥಿಗಳು ಮೆರವಣಿಗೆ ಮಾಡಿದರು, ವಿಶ್ವವಿದ್ಯಾಲಯ ಸೇರ್ಪಡೆಯ ಪ್ರಕ್ರಿಯೆಯನ್ನು ಮತ್ತೆ ತೆರೆಸಿತು. ಇಪ್ಪತ್ತರ ಹುಡುಗಿಯರು ಬದಲಾಗಲು ಸಿದ್ಧರಿದ್ದರು. ಬಾಗಿಲ ಚಿಲಕ ಅವರ ಕೈಯಲ್ಲಿರಲಿಲ್ಲ.

ಒಂದೇ ಊರು, ಎರಡು ದಾಖಲೆ

ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರತಿ ಫೆಬ್ರವರಿ 'ಥಾನ್' ಎಂಬ ನೃತ್ಯ ಮಹೋತ್ಸವ ನಡೆಯುತ್ತದೆ. ನೂರಾರು ವಿದ್ಯಾರ್ಥಿಗಳು 46 ಗಂಟೆ ಕೂರದೆ, ಮಲಗದೆ ಕಾಲ ಮೇಲೆಯೇ ಇರುತ್ತಾರೆ. ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಹಣ ಕೂಡಿಸುವುದು ಗುರಿ. 1973ರಲ್ಲಿ ಇದನ್ನು ಶುರುಮಾಡಿದ್ದು ಅಲ್ಲಿನ ಫ್ರಾಟರ್ನಿಟಿಗಳ ಒಕ್ಕೂಟ. ಈವರೆಗೆ 20 ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿದೆ. ಕುಣಿದು ಹೋದವರು ಮರುವರ್ಷದಿಂದ ದಾನಿಗಳಾಗುತ್ತಾರೆ, ಮಕ್ಕಳನ್ನು ಕರೆತಂದು ತೋರಿಸುತ್ತಾರೆ. ಫ್ರಾಟರ್ನಿಟಿಯ ಪರ ಮಾತಾಡುವವರು ಮೊದಲು ಹೆಸರಿಸುವ ಕೆಲಸಗಳಲ್ಲಿ ಇದೂ ಒಂದು. ಹೆಸರಿಸಬೇಕಾದದ್ದೇ.

2017ರ ಫೆಬ್ರವರಿಯಲ್ಲಿ ಅದೇ ಊರಿನ ಬೀಟಾ ಥೀಟಾ ಪೈ ಮನೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಆ ಮನೆಯನ್ನು ಹಳೆಯ ಸದಸ್ಯರ ಲಕ್ಷಾಂತರ ಡಾಲರ್ ದೇಣಿಗೆಯಿಂದ ನವೀಕರಿಸಲಾಗಿತ್ತು. ಕುಡಿತ ನಿಷಿದ್ಧ ಎಂಬ ನಿಯಮವಿತ್ತು, ಭದ್ರತಾ ಕ್ಯಾಮೆರಾಗಳಿದ್ದವು, ವಯಸ್ಕ ಸಲಹೆಗಾರರೊಬ್ಬರು ಅದೇ ಮನೆಯಲ್ಲಿ ವಾಸವಿದ್ದರು. ಕಾಗದದ ಮೇಲೆ ಮಾದರಿ ಚಾಪ್ಟರ್. ಹೊಸದಾಗಿ ಸೇರುವವರಿಗೆ ಫೆಬ್ರವರಿ 2ರ ರಾತ್ರಿ ಕುಡಿಸುವ 'ಪರೀಕ್ಷೆ' ನಡೆಯಿತು. 19 ವರ್ಷದ ಟಿಮೊಥಿ ಪಿಯಾಟ್ಜಾಗೆ 82 ನಿಮಿಷದಲ್ಲಿ 18 ಸಲ ಮದ್ಯ ಕೊಡಲಾಯಿತು ಎಂದು ತನಿಖೆ ಹೇಳಿತು. ಆತ ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ. ಹೆಚ್ಚುಕಡಿಮೆ 12 ಗಂಟೆ ಯಾರೂ ಆಂಬುಲೆನ್ಸಿಗೆ ಕರೆ ಮಾಡಲಿಲ್ಲ. ಮರುದಿನ ಆಸ್ಪತ್ರೆ ಸೇರಿದವನು ಫೆಬ್ರವರಿ 4ರಂದು ತೀರಿಕೊಂಡ. ಕ್ಯಾಮೆರಾಗಳು ಎಲ್ಲವನ್ನೂ ದಾಖಲಿಸಿದ್ದವು.

ನಾವು ರ‍್ಯಾಗಿಂಗ್ ಎನ್ನುವುದನ್ನು ಅಲ್ಲಿ ಹೇಜಿಂಗ್ ಎನ್ನುತ್ತಾರೆ. ನಮ್ಮಲ್ಲಿ ಹಿರಿಯ ವಿದ್ಯಾರ್ಥಿ ಕಿರಿಯನನ್ನು ಪೀಡಿಸುತ್ತಾನೆ, ಅಲ್ಲಿ ಪೀಡೆಯೇ ಸದಸ್ಯತ್ವದ ಮೆಟ್ಟಿಲಾಗುತ್ತದೆ. ಅದನ್ನು ದಾಟಿದವನು ಒಳಗಿನವನು. ಮರುವರ್ಷ ಅದನ್ನೇ ಮಾಡಿಸುವ ಹಕ್ಕು ಅವನಿಗೆ ಬರುತ್ತದೆ. ತಡೆದರೆ ಹುಡುಗರ ಬಳಿ ಸಿದ್ಧ ಉತ್ತರವಿರುತ್ತದೆ: ನಿಮಗೂ ಮಾಡಿದ್ದರಲ್ಲ, ನೀವೇನು ಸತ್ತಿರಾ? ಪೊಲೀಸರ ಮುಂದೆ ಈ ಪ್ರಶ್ನೆಗೆ ಬಲವಿಲ್ಲ, ಡೀನ್ ಮುಂದೆಯೂ ಇಲ್ಲ. ಪ್ರಶ್ನೆ ಚುಚ್ಚುವುದು ಹೋಮ್‌ಕಮಿಂಗಿಗೆ ಬಂದ ಅಣ್ಣನನ್ನು. ಅವನೂ ಅದನ್ನು ಸಹಿಸಿದವನು, ನಂತರ ಮಾಡಿಸಿದವನು. ಎಷ್ಟೋ ಸಲ ನಗುತ್ತ ಆ ಕತೆ ಹೇಳಿದವನೂ ಅವನೇ. ಓದುವ ಕೋಣೆಗೆ ಹಣ ಕೊಟ್ಟ ಸಂಜೆಯೇ ಊಟದ ಮೇಜಿನಲ್ಲಿ ಆ ಕತೆಯನ್ನೂ ಕೊಟ್ಟುಹೋಗುತ್ತಾನೆ. ಅಮೃತಶಿಲೆಯ ನೆಲ ಹತ್ತು ವರ್ಷಕ್ಕೆ ಸವೆಯಬಹುದು, ಆ ಕತೆ ಸವೆಯುವುದಿಲ್ಲ.

ನಿಲ್ಲಿಸಿ ಕೊಟ್ಟವರು

ಹಾಗೆಂದು ಅಣ್ಣಂದಿರೆಲ್ಲ ಸುಮ್ಮನೆ ಕೂರಲಿಲ್ಲ. ಯೆಹೂದಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಜೀಟಾ ಬೀಟಾ ಟಾವ್ 1989ರಲ್ಲಿ ಪ್ಲೆಡ್ಜ್ ಪದ್ಧತಿಯನ್ನೇ ರದ್ದು ಮಾಡಿತು. ಪ್ಲೆಡ್ಜ್ ಎಂದರೆ ಇನ್ನೂ ಪೂರ್ಣ ಸದಸ್ಯನಾಗದ ಉಮೇದುವಾರ. ಆ ಕೆಲವು ವಾರಗಳಲ್ಲೇ ಹೇಜಿಂಗ್ ನಡೆಯುವುದು. ಸೇರಿದ ದಿನದಿಂದಲೇ ಎಲ್ಲರೂ ಸಮಾನ ಎಂದರೆ ಪೀಡಿಸಲು ಕೆಳಗಿನವರೇ ಇರುವುದಿಲ್ಲ. ಸಿಗ್ಮಾ ಫೈ ಎಪ್ಸಿಲಾನ್ 1990ರ ದಶಕದಲ್ಲಿ ಅದೇ ದಾರಿ ಹಿಡಿಯಿತು. ಸಾಲು ಸಾಲು ಸಾವುಗಳ ನಂತರ ಸಿಗ್ಮಾ ಆಲ್ಫಾ ಎಪ್ಸಿಲಾನ್ 2014ರಲ್ಲಿ ಆ ತೀರ್ಮಾನಕ್ಕೆ ಬಂತು. ಫೈ ಡೆಲ್ಟಾ ಥೀಟಾ 2000ದಿಂದ ತನ್ನ ಮನೆಗಳಲ್ಲಿ ಮದ್ಯವನ್ನು ನಿಷೇಧಿಸಿತು. ಇವೆಲ್ಲ ಹಳೆಯ ಸದಸ್ಯರ ಕೈಯಲ್ಲಿರುವ ರಾಷ್ಟ್ರೀಯ ಸಂಘಟನೆಗಳ ನಿರ್ಧಾರಗಳು. ಪ್ರತಿಯೊಂದಕ್ಕೂ ಹಳಬರಿಂದಲೇ ವಿರೋಧ ಬಂತು. ನಾವು ಕಂಡ ಫ್ರಾಟರ್ನಿಟಿ ಇದಲ್ಲ, ಇನ್ನು ಮುಂದೆ ದೇಣಿಗೆ ಇಲ್ಲ ಎಂದವರೂ ಇದ್ದರು.

ಇನ್ನೂ ದೂರ ಹೋದವರು ಮ್ಯಾಸಚೂಸೆಟ್ಸಿನ ವಿಲಿಯಮ್ಸ್ ಕಾಲೇಜಿನವರು. ಫ್ರಾಟರ್ನಿಟಿಗಳು ವಿದ್ಯಾರ್ಥಿ ಜೀವನವನ್ನು ಒಡೆಯುತ್ತಿವೆಯೇ ಎಂದು ನೋಡಲು ಅಲ್ಲಿ ಹಳೆಯ ವಿದ್ಯಾರ್ಥಿ ಜೇ ಆಂಜೆವೈನ್ ಮುಂದಾಳುತನದಲ್ಲಿ ಸಮಿತಿಯೊಂದನ್ನು ನೇಮಿಸಲಾಯಿತು. ವಸತಿ, ಊಟ, ಕೂಟಗಳ ಹೊಣೆಯನ್ನು ಕಾಲೇಜೇ ವಹಿಸಿಕೊಳ್ಳಬೇಕೆಂದು 1962ರಲ್ಲಿ ಸಮಿತಿ ಶಿಫಾರಸು ಮಾಡಿತು. ಅನೇಕರಿಗೆ ಸಿಟ್ಟು ಬಂತು, ನೋವೂ ಆಯಿತು. ಆದರೂ ಮುಂದಿನ ವರ್ಷಗಳಲ್ಲಿ ಒಂದಾದ ಮೇಲೊಂದು ಮನೆ ಕಾಲೇಜಿನ ಕೈಸೇರಿತು. ಅಜ್ಜಂದಿರು ಚಂದಾ ಎತ್ತಿ ಕಟ್ಟಿಸಿದ ಬಂಗಲೆಗಳು ಎಲ್ಲ ವಿದ್ಯಾರ್ಥಿಗಳ ವಸತಿಯಾದವು, ತರಗತಿಗಳಾದವು, ಕಚೇರಿಗಳಾದವು.

ಕಾನೂನೂ ಬಿಗಿಯಾಗಿದೆ. ಪಿಯಾಟ್ಜಾ ಹೆಸರಿನ ಹೇಜಿಂಗ್ ವಿರೋಧಿ ಕಾಯ್ದೆ ಪೆನ್ಸಿಲ್ವೇನಿಯಾದಲ್ಲಿ 2018ರಲ್ಲಿ ಬಂತು. ಕ್ಯಾಂಪಸ್ಸಿನಲ್ಲಿ ನಡೆದ ಹೇಜಿಂಗ್ ಪ್ರಕರಣಗಳನ್ನು ವಿಶ್ವವಿದ್ಯಾಲಯಗಳು ಬಹಿರಂಗಪಡಿಸಲೇಬೇಕೆನ್ನುವ ಕೇಂದ್ರ ಕಾಯ್ದೆಗೆ 2024ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಮಗನನ್ನು ಕಳೆದುಕೊಂಡ ತಂದೆತಾಯಿ ರಾಜಧಾನಿಯಲ್ಲಿ ವರ್ಷಗಟ್ಟಲೆ ಬಾಗಿಲಿಂದ ಬಾಗಿಲಿಗೆ ಅಲೆದು ಇಂಥ ಕಾಯ್ದೆಗಳನ್ನು ತರಿಸಿದ್ದಾರೆ.

ನಮ್ಮ ಮನೆಗಳ ಹುಡುಗರು

ಅಮೆರಿಕ 1965ರಲ್ಲಿ ವಲಸೆ ಕಾನೂನು ಸಡಿಲಿಸಿದ ಮೇಲೆ ಹೋದ ಭಾರತೀಯ ಕುಟುಂಬಗಳ ಮಕ್ಕಳು 1990ರ ದಶಕದಲ್ಲಿ ಕಾಲೇಜು ಸೇರುವ ವಯಸ್ಸಿಗೆ ಬಂದರು. ಬಂಗಲೆಗಳ ಬೀದಿಯಲ್ಲಿ ಅವರಿಗೆ ಒಗ್ಗುವ ಮನೆ ಸಿಗಲಿಲ್ಲ. ತಮ್ಮದನ್ನು ತಾವೇ ಕಟ್ಟಿಕೊಂಡರು. 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಬೀಟಾ ರೋ, 1998ರಲ್ಲಿ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, 1999ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೀಟಾ ಕೈ ಥೀಟಾ ಹುಟ್ಟಿದವು. ಹುಡುಗಿಯರ ಸೊರಾರಿಟಿಗಳೂ ಅದೇ ವರ್ಷಗಳಲ್ಲಿ ಬಂದವು. ತಂದೆತಾಯಿ ಕನ್ನಡ ಕೂಟದಲ್ಲಿ ಯುಗಾದಿ, ರಾಜ್ಯೋತ್ಸವ ಮಾಡುತ್ತಿದ್ದರೆ ಮಕ್ಕಳು ಗುಜರಾತಿ, ತೆಲುಗು, ಪಂಜಾಬಿ ಮನೆಗಳ ಮಕ್ಕಳೊಂದಿಗೆ ಗ್ರೀಕ್ ಅಕ್ಷರದಡಿ ಒಂದಾದರು. ಭಾಷೆ ಇಂಗ್ಲಿಷ್, ಹಾಡು ಭಾಂಗ್ರಾ, ಅಕ್ಷರ ಗ್ರೀಕ್. ಅಮೆರಿಕದ ಕನ್ನಡಿಗರು ತಮ್ಮ ಕೂಟಗಳನ್ನೆಲ್ಲ ಸೇರಿಸಿ ಕಟ್ಟಿದ 'ಅಕ್ಕ' ಸಂಸ್ಥೆಯೂ 1998ರದ್ದೇ. ಒಂದೇ ಮನೆಯ ಎರಡು ತಲೆಮಾರು ಒಂದೇ ಹೊತ್ತಿನಲ್ಲಿ ಎರಡು ಬಗೆಯ ನಂಟು ಕಟ್ಟುತ್ತಿದ್ದವು.

ಆ ಸ್ಥಾಪಕರಿಗೆ ಈಗ ಐವತ್ತರ ಆಸುಪಾಸು. ಕೈಯಲ್ಲಿ ಹಣವಿದೆ, ಮಕ್ಕಳು ಕಾಲೇಜಿನ ಹೊಸ್ತಿಲಲ್ಲಿದ್ದಾರೆ. ಚಾಪ್ಟರಿಗೆ ಏನು ಕೊಡಬೇಕೆಂಬ ಪ್ರಶ್ನೆ ಅವರ ಮುಂದೆ ಬಂದು ನಿಂತಿದೆ. ಬಂಗಲೆಯ ಸಾಲದ ಹೊರೆ ಅವರಲ್ಲಿ ಹೆಚ್ಚಿನವರಿಗಿಲ್ಲ, ತಲೆಮಾರುಗಳ ಪಟಗಳ ಸಾಲೂ ಇಲ್ಲ. ಅದು ಕೊರತೆಯಲ್ಲ, ಸವಲತ್ತು. ಬಂಗಲೆಯವರ ದಾರಿ ಹಿಡಿದು ಗೋಡೆಯಿಂದ ಶುರುಮಾಡಬಹುದು. ಮಿಸಿಸಿಪ್ಪಿಗೆ ಕಾರು ಓಡಿಸಿಕೊಂಡು ಹೋದವರ ದಾರಿ ಹಿಡಿದು ತಮ್ಮ ಹೊತ್ತನ್ನು ಕೊಡಬಹುದು. ಎರಡರ ಫಲವೂ ಕಣ್ಣ ಮುಂದಿದೆ.

ಮಗ ಅಥವಾ ಮಗಳು ಇಂಥ ಕೂಟ ಸೇರುತ್ತೇನೆಂದರೆ ತಂದೆತಾಯಿ ಮೂರು ಪ್ರಶ್ನೆ ಕೇಳಬಹುದು. ಈ ಚಾಪ್ಟರಿಗೆ ಸಲಹೆಗಾರರಾಗಿರುವ ಹಳೆಯ ಸದಸ್ಯರು ಯಾರು, ಅವರ ಫೋನ್ ನಂಬರ್ ಕೊಡುತ್ತೀರಾ? ಅವರು ತಿಂಗಳಿಗೆ ಎಷ್ಟು ಸಲ ಬರುತ್ತಾರೆ? ಹೊಸಬರು ಪೂರ್ಣ ಸದಸ್ಯರಾಗುವುದಕ್ಕೆ ಮುಂಚೆ ಏನೇನು ಮಾಡಬೇಕು, ಅದನ್ನು ಬರೆದು ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಗುಟ್ಟು ಎಂಬ ಉತ್ತರ ಬಂದರೆ ಮುಂದೆ ಯೋಚಿಸಬೇಕಾದದ್ದು ಬಹಳವಿದೆ.

ಹಳೆಯ ವಿದ್ಯಾರ್ಥಿಗಳ ಔದಾರ್ಯವನ್ನು ನಾವು ಸಾಮಾನ್ಯವಾಗಿ ಅಳೆಯುವುದು ಕೊಟ್ಟದ್ದರ ಲೆಕ್ಕದಲ್ಲಿ. ಇಷ್ಟು ಕೋಟಿ, ಇಷ್ಟು ಕೋಣೆ, ಇಷ್ಟು ವಿದ್ಯಾರ್ಥಿವೇತನ. ಆ ಲೆಕ್ಕ ಬೇಕು, ಅದಿಲ್ಲದೆ ಸೂರು ನಿಲ್ಲುವುದಿಲ್ಲ. ಆದರೆ ತಮಗೆ ಬಂದದ್ದರಲ್ಲಿ ಯಾವುದನ್ನು ಮುಂದಕ್ಕೆ ದಾಟಿಸಲಿಲ್ಲ ಎಂಬ ಇನ್ನೊಂದು ಲೆಕ್ಕವೂ ಇದೆ. ಹಣ ಹೊರಗಿನವರೂ ಕೊಟ್ಟಾರು, ಸರ್ಕಾರ ಕೊಟ್ಟೀತು, ಬ್ಯಾಂಕು ಸಾಲ ಕೊಟ್ಟೀತು. ನನಗೆ ಮಾಡಿದ್ದು ತಪ್ಪು, ನಾನು ಮಾಡಿದ್ದೂ ತಪ್ಪು, ಇದು ನನ್ನ ತಲೆಗೇ ಮುಗಿಯಲಿ ಎಂದು ಹುಡುಗರ ಎದುರು ನಿಂತು ಹೇಳುವುದನ್ನು ಮಾತ್ರ ಬೇರೆ ಯಾರೂ ಮಾಡಲಾರರು. ಅದಕ್ಕೆ ಅದೇ ಮನೆಯಲ್ಲಿ ಮಲಗೆದ್ದ, ಅದೇ ಪ್ರತಿಜ್ಞೆ ಮಾಡಿದ ಅಣ್ಣನೇ ಬರಬೇಕು. ಚೆಕ್ಕನ್ನು ಅಂಚೆಯಲ್ಲಿ ಕಳಿಸಬಹುದು. ಈ ಮಾತನ್ನು ಹೇಳಲು ಅವನು ಖುದ್ದಾಗಿ ಹೋಗಬೇಕಾಗುತ್ತದೆ.